ಎದುರು ಚಾಪೆ

ನನಗೆ ಕ್ಷಮೆಯ ಪಾಠ ಹೇಳಲು ಬಂದವರನ್ನೆಲ್ಲ ಚಹಾ ಕೊಟ್ಟು ಮರ್ಯಾದೆಯಿಂದ ಕಳಿಸಿದ್ದೇನೆ. ಹಳೆಯದನ್ನು ಮರೆತುಬಿಡು, ಮನಸ್ಸು ಹಗುರವಾಗುತ್ತದೆ ಎನ್ನುತ್ತಾರೆ. ನನ್ನ ಮನಸ್ಸು ನಿಜವಾಗಿ ಹಗುರವಾದದ್ದು ಸೇಡು ತೀರಿಸಿಕೊಂಡ ದಿನ. ಆ ಸುಖವನ್ನು ಬಾಯಿ ಬಿಡದೆ ಜೊತೆಗೆ ಕಟ್ಟಿಕೊಂಡು ಹೋಗುವ ಇಷ್ಟವಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಸುಳ್ಯದಿಂದ ಮಂಡೆಕೋಲಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಐದನೇ ಕ್ಲಾಸು. ನನಗೆ ಆಗಾಗ ಫಿಟ್ಸ್ ಬರುತ್ತಿತ್ತು. ಬರುವ ಮೊದಲು ಎಡಗೈಯ ಹೆಬ್ಬೆರಳು ಜುಮ್ಮೆನ್ನುತ್ತಿತ್ತು, ಆಮೇಲಿನದು ನನಗೆ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಶಾಲೆಯಲ್ಲಿ ಗೋಧಿ ನುಚ್ಚಿನ ಉಪ್ಪಿಟ್ಟಿಗೆ ಬಟ್ಟಲು ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಹೆಬ್ಬೆರಳು ಜುಮ್ಮೆಂದಿತು. ಯಾರಿಗಾದರೂ ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಬಿದ್ದಿದ್ದೆ.

ಬಿದ್ದವರ ಕೈಗೆ ಕಬ್ಬಿಣ ಕೊಡಬೇಕು, ಮೂಗಿಗೆ ಚಪ್ಪಲಿ ಹಿಡಿಯಬೇಕು ಎಂಬುದು ಆಗ ಎಲ್ಲರೂ ನಂಬಿದ್ದ ಮದ್ದು. ನಮ್ಮ ಶಾಲೆಯಲ್ಲಿ ಮಕ್ಕಳೆಲ್ಲ ಬರಿಗಾಲು, ಉಳಿದ ಮಾಸ್ಟ್ರುಗಳದ್ದು ರಬ್ಬರಿನ ಚಪ್ಪಲಿ. ಚರ್ಮದ ಚಪ್ಪಲಿ ಇದ್ದದ್ದು ಹೆಡ್‌ಮಾಸ್ಟ್ರಿಗೆ ಮಾತ್ರ. ಅವರು ತಮ್ಮ ಕಾಲಿನದ್ದನ್ನೇ ಕಳಚಿ ನನ್ನ ಮೂಗಿಗೆ ಹಿಡಿದರು. ನಾನು ಕಣ್ಣು ಬಿಟ್ಟಾಗ ಇಡೀ ಶಾಲೆ ಸುತ್ತ ನಿಂತಿತ್ತು, ಯಾರೋ ಕಿಸಕ್ಕೆಂದು ನಗುತ್ತಿದ್ದರು.

ಅಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೋ ಏನೋ. ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನು ಶಾಲೆಗೆ ಬಿಡಲು ಬಂದರೆ ಹೆಡ್‌ಮಾಸ್ಟ್ರು ಬಾಗಿಲಲ್ಲೇ ಅಡ್ಡ ನಿಂತರು.

"ಬೇರೆ ಮಕ್ಕಳಿಗೆ ಹೆದರಿಕೆ ಆಗ್ತದೆ ಮಾರಾಯ್ರೆ. ಮನೆಯಲ್ಲೇ ಇರ್ಲಿ. ಹೆಣ್ಣಲ್ವ, ಐದನೇ ವರೆಗೆ ಓದಿದ್ದು ಸಾಕು."

ಅಪ್ಪ ಎದುರು ಮಾತಾಡುವ ಜನವಲ್ಲ. ಸರಿ ಎಂದು ತಲೆಯಾಡಿಸಿ ನನ್ನ ಕೈ ಹಿಡಿದು ವಾಪಸು ಕರೆದುಕೊಂಡು ಬಂದ. ಅಂದಿನಿಂದ ದಾರಿಯಲ್ಲಿ ನನ್ನನ್ನು ಕಂಡರೆ ಶಾಲೆಯ ಮಕ್ಕಳು ಅಂಗೈಯನ್ನು ಚಪ್ಪಲಿಯ ಹಾಗೆ ಮಾಡಿ ಮೂಗಿಗೆ ಹಿಡಿದು ತೋರಿಸುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದೆ. ಮಕ್ಕಳ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಒಬ್ಬರ ಮೇಲೆ ಮಡಗಿ ಇಟ್ಟಿದ್ದೆ.

ದೊಡ್ಡವ್ವ ಇಲ್ಲದಿದ್ದರೆ ಆ ಸಿಟ್ಟು ನನ್ನನ್ನೇ ತಿಂದುಹಾಕುತ್ತಿತ್ತು. ದೊಡ್ಡವ್ವ ಎಂದರೆ ಅವ್ವನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಮನೆಯಲ್ಲಿ ನಮ್ಮದು ಅರೆಭಾಷೆ, ಎಲ್ಲರಿಗೂ ತಿಳಿಯಲೆಂದು ಅವಳ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ. ಅವಳು ನನ್ನನ್ನು ಬಸ್ಸು ಹತ್ತಿಸಿ ಪುತ್ತೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಗುಳಿಗೆ ಕೊಟ್ಟರು, ದಿನಾ ತಿಂದರೆ ಬೀಳುವುದು ಕಡಿಮೆಯಾಗುತ್ತದೆ, ಶಾಲೆಗೆ ಧಾರಾಳ ಹೋಗಬಹುದು ಎಂದರು. ಅದನ್ನು ಹೇಳಲು ಹೋದರೆ ಹೆಡ್‌ಮಾಸ್ಟ್ರು, "ಡಾಕ್ಟ್ರಿಗೆ ಎಂತ, ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುದು" ಎಂದು ಮುಖ ತಿರುಗಿಸಿದರು.

ದೊಡ್ಡವ್ವ ಮನೆಗೆ ಬಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಪಾಠ ನಾನು ಹೇಳಿಕೊಡ್ತೇನೆ. ಆದ್ರೆ ಒಬ್ಬಳಿಗೇ ಹೇಳುದಿಲ್ಲ. ಒಬ್ಬಳೇ ಕೂತು ಕಲಿತರೆ ನೀನು ಗೋಡೆಯ ಹತ್ತಿರ ಮಾತಾಡುವವಳಾಗ್ತಿ. ನಾಲ್ಕು ಜನ ಬೇಕು."

ನಾಲ್ಕು ಜನರನ್ನು ಹುಡುಕಲು ಕಷ್ಟವಾಗಲಿಲ್ಲ. ಶಾಲೆಗೆ ಹೋಗದ ಮಕ್ಕಳು ಊರು ತುಂಬ ಇದ್ದರು, ಯಾರೂ ಲೆಕ್ಕಕ್ಕೆ ಹಿಡಿಯದವರು. ಪೋಲಿಯೋ ಆಗಿ ಎರಡೂ ಕಾಲು ಸೋತ ಒಬ್ಬ ಹುಡುಗ ಇದ್ದ, ಅವನ ಅಣ್ಣ ದಿನಾ ಬೆಳಿಗ್ಗೆ ಹೊತ್ತು ತಂದು ನಮ್ಮ ಜಗಲಿಯಲ್ಲಿ ಇಳಿಸಿ ಹೋಗುತ್ತಿದ್ದ. ತಾಯಿ ಗದ್ದೆ ಕೆಲಸಕ್ಕೆ ಹೋದಾಗ ಸೊಂಟದಲ್ಲಿ ತಮ್ಮನನ್ನು ಎತ್ತಿಕೊಂಡೇ ತಿರುಗುತ್ತಿದ್ದ ಒಬ್ಬ ಹುಡುಗಿ ತಮ್ಮನ ಸಮೇತ ಬಂದಳು. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಶಾಲೆ ಬಿಟ್ಟಿದ್ದ ಮಕ್ಕಳೂ ಆಗಾಗ ಬಂದು ಸೇರುತ್ತಿದ್ದರು. ಇದನ್ನು ಶಾಲೆ ಎಂದು ಕರೆದರೆ ದೊಡ್ಡವ್ವನಿಗೆ ಆಗುತ್ತಿರಲಿಲ್ಲ.

ಅವಳ ಪಾಠದಲ್ಲಿ ಕೈ ಖಾಲಿ ಇರುವ ಹಾಗಿಲ್ಲ. ಹಲಸಿನ ಹಣ್ಣು ಕೊಯ್ದು ಕೂತವರಿಗೆಲ್ಲ ಸರಿಯಾಗಿ ಪಾಲು ಮಾಡಬೇಕು, ಪಾಲು ಮಾಡಿದವರು ಕೊನೆಗೆ ತೆಗೆದುಕೊಳ್ಳಬೇಕು. ಭಾಗಾಕಾರ ಕಲಿತದ್ದು ಹಾಗೆ. ಬೈಹುಲ್ಲು ಹರಡಿ, ಅಕ್ಕಿ ಸೇರಿನಿಂದ ಅಳೆದು ಸುರಿದು, ಹುಲ್ಲಿನ ಹಗ್ಗ ಸುತ್ತಿ ಮುಡಿ ಕಟ್ಟಬೇಕು. ಮುಡಿ ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಒಬ್ಬಳು ಹುಲ್ಲು ಒತ್ತಿ ಹಿಡಿಯಬೇಕು, ಒಬ್ಬಳು ಹಗ್ಗ ಎಳೆಯಬೇಕು, ಇನ್ನೊಬ್ಬ ಮರದ ಕೊಡತಿಯಿಂದ ಬಡಿದು ಗುಂಡಗೆ ಮಾಡಬೇಕು. ಕಾಲು ಸೋತ ಹುಡುಗನ ತೋಳಿನಲ್ಲಿ ಎಂಥ ಬಲವಿದೆಯೆಂದು ನಮಗೆ ಗೊತ್ತಾದದ್ದು ಕೊಡತಿ ಅವನ ಕೈಗೆ ಹೋದ ಮೇಲೆ. ನಾವು ಕಟ್ಟಿದ ಮೊದಲ ಮುಡಿ ಅಟ್ಟಕ್ಕೆ ಏರಿಸುವಾಗ ಬಿಚ್ಚಿಕೊಂಡು ಅಕ್ಕಿಯೆಲ್ಲ ಅಪ್ಪನ ತಲೆ ಮೇಲೆ ಸುರಿಯಿತು. ದೊಡ್ಡವ್ವ ಬೈಯಲಿಲ್ಲ. ಕಾಳು ಕಾಳು ಹೆಕ್ಕಿಸಿ ಮತ್ತೆ ಕಟ್ಟಿಸಿದಳು.

ಮಧ್ಯಾಹ್ನದ ಊಟವಾದ ಮೇಲೆ ಅವಳ ನಿಜವಾದ ಪಾಠ. ಅವಳಿಗೆ ತಾಳಮದ್ದಳೆಯ ಹುಚ್ಚು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಪಾತ್ರಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಹೆಂಗಸರು ಅಡುಗೆಮನೆಯ ಬಾಗಿಲ ಹಿಂದೆ ಕೂತು ಕೇಳಬೇಕಿದ್ದ ಕಾಲ ಅದು. ದೊಡ್ಡವ್ವ ಹಾಗೆ ಬಾಗಿಲ ಹಿಂದೆ ಕೂತೇ ದೊಡ್ಡ ದೊಡ್ಡವರ ಅರ್ಥವನ್ನೆಲ್ಲ ನುಂಗಿಕೊಂಡಿದ್ದಳು. ನಮ್ಮ ಜಗಲಿಯಲ್ಲಿ ಎರಡು ಚಾಪೆ ಎದುರೆದುರು ಹಾಸಿ ಇಬ್ಬರನ್ನು ಕೂರಿಸುತ್ತಿದ್ದಳು. ಎದುರಿನವರು ಹೇಳಿ ಮುಗಿಸುವ ತನಕ ಬಾಯಿ ತೆರೆಯಬಾರದು. ಉತ್ತರ ಕೊಡುವ ಮೊದಲು ಅವರು ಹೇಳಿದ್ದನ್ನು ಅವರೇ ಹೌದು ಎನ್ನುವ ಹಾಗೆ ತಿರುಗಿ ಹೇಳಬೇಕು. ಮತ್ತೆ, ಇವತ್ತು ಒಂದು ಪಕ್ಷ ಹೇಳಿದವರು ನಾಳೆ ಎದುರು ಚಾಪೆಗೆ ಹೋಗಿ ಆ ಪಕ್ಷ ಹೇಳಬೇಕು. ಈ ಕೊನೆಯದ್ದು ನನಗೆ ವಿಷದ ಹಾಗಿತ್ತು.

ಯಾಕೆಂದರೆ ಒಂದು ದಿನ ದೊಡ್ಡವ್ವ ಚಪ್ಪಲಿಯ ವಿಷಯವನ್ನೇ ಎತ್ತಿಕೊಂಡಳು. ಮೊದಲ ದಿನ ನಾನು ನಾನೇ ಆಗಿ ಮಾತಾಡಿದೆ, ಉಗುಳು ಹಾರಿಸುತ್ತ ಬೈದೆ. ಮರುದಿನ ಅವಳು, "ಇವತ್ತು ನೀನು ಹೆಡ್‌ಮಾಸ್ಟ್ರು" ಎಂದಳು.

"ನಾನು ಹೇಳುದಿಲ್ಲ."

"ಹಾಗಾದ್ರೆ ಎದ್ದು ಹೋಗು. ಅವರ ಪಕ್ಷ ಹೇಳಲಿಕ್ಕೆ ಬಾರದವಳಿಗೆ ಅವರನ್ನು ಸೋಲಿಸಲಿಕ್ಕೆ ಬರುದಿಲ್ಲ."

ಸೋಲಿಸುವ ಆಸೆ ನನ್ನನ್ನು ಕೂರಿಸಿತು. ಹೆಡ್‌ಮಾಸ್ಟ್ರಾಗಿ ಕೂತು ನಾನು ಹೇಳಿದೆ, ಅದು ಶಿಕ್ಷೆಯಲ್ಲ, ಉಪಚಾರ, ಹಿರಿಯರು ಕಲಿಸಿದ್ದು. ಎದುರು ಚಾಪೆಯಲ್ಲಿ ನನ್ನ ಪಾತ್ರ ವಹಿಸಿದ್ದ ಪೋಲಿಯೋ ಹುಡುಗ ನನ್ನ ಒಂದೊಂದೇ ಮಾತನ್ನು ಒಪ್ಪಿಕೊಳ್ಳುತ್ತ ಬಂದು ಕೊನೆಗೆ ಒಂದು ಪ್ರಶ್ನೆ ಕೇಳಿದ. ನನಗೆ ಉತ್ತರ ಬರಲಿಲ್ಲ. ಆ ವರ್ಷವೆಲ್ಲ ಎಷ್ಟೋ ಸಲ ಆ ಚಾಪೆಯಲ್ಲಿ ಕೂತೆ, ಬೇರೆ ಬೇರೆ ದಾರಿ ಹಿಡಿದೆ, ಪ್ರತಿಸಲವೂ ಆ ಪ್ರಶ್ನೆಯ ಎದುರು ಬಾಯಿ ಕಟ್ಟಿತು. ಆಗ ನನಗೆ ಆದ ಖುಷಿ ಹೇಳತೀರದು. ಹೆಡ್‌ಮಾಸ್ಟ್ರ ಜಾಗದಲ್ಲಿ ಕೂತು ಸೋಲುವಾಗಲೆಲ್ಲ ಅವರೇ ಸೋತ ಹಾಗೆ ಅನ್ನಿಸುತ್ತಿತ್ತು. ಪ್ರಶ್ನೆಯನ್ನು ನಾನು ಅರೆದು ಅರೆದು ಇಟ್ಟುಕೊಂಡೆ.

ನಮ್ಮ ಹೆಡ್‌ಮಾಸ್ಟ್ರು ಸುತ್ತಮುತ್ತಲಿಗೆ ಹೆಸರಾದ ಅರ್ಥಧಾರಿ. ರಾಜನ ಪಾತ್ರ ಎಂದರೆ ಅವರೇ ಆಗಬೇಕು. ಮಳೆ ಹೊಯ್ಯುವ ಆಟಿ ತಿಂಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ಅವರದ್ದೇ ಶಾಲೆಯ ಹಾಲಿನಲ್ಲಿ ತಾಳಮದ್ದಳೆ ಇಟ್ಟಿದ್ದರು. ಪ್ರಸಂಗ ಯಾವುದೆಂದು ಹೇಳುವುದಿಲ್ಲ, ರಾಜನ ಸಭೆಗೆ ಶತ್ರುವಿನ ಕಡೆಯಿಂದ ಒಬ್ಬ ದೂತ ಬರುತ್ತಾನೆ ಎಂದರೆ ಸಾಕು. ನಾನು ದೊಡ್ಡವ್ವನ ಜೊತೆ ಹೆಂಗಸರ ಕಡೆ ಗೋಡೆಗೆ ಒರಗಿ ಕೂತಿದ್ದೆ. ಬಾಗಿಲಿನಿಂದ ತಳ್ಳಿಸಿಕೊಂಡ ಮೇಲೆ ಆ ಕಟ್ಟಡದೊಳಗೆ ಕಾಲಿಟ್ಟದ್ದು ಅದೇ ಮೊದಲು. ನನಗೆ ಆಗ ಹದಿಮೂರು.

ದೂತನ ಅರ್ಥ ಹೇಳುವವರು ಕಡಬದ ಕಡೆಯಿಂದ ಬರಬೇಕಿತ್ತು. ಅಲ್ಲಿ ಸೇತುವೆ ಮುಳುಗಿ ಬಸ್ಸು ನಿಂತಿದೆ ಎಂದು ಸುದ್ದಿ ಬಂತು. ಭಾಗವತರು ಏನು ಮಾಡುವುದು ಎಂದು ರಾಜನ ಮುಖ ನೋಡಿದರು. ಆಗ ಹೆಡ್‌ಮಾಸ್ಟ್ರು ಶಾಲು ಸರಿಮಾಡಿಕೊಂಡು ಸಭೆಗೆಲ್ಲ ಕೇಳುವ ಹಾಗೆ ಹೇಳಿದರು.

"ದೂತ ಇಲ್ಲದಿದ್ರೆ ಎಂತ ಆಯ್ತು? ಯಾರಾದ್ರೂ ಬಂದು ಕೂರಿ ಮಾರಾಯ್ರೆ. ಎರಡು ಮಾತು ಹೇಳಿದ್ರೆ ಸಾಕು, ಉಳಿದದ್ದು ನಾನು ನೋಡಿಕೊಳ್ತೇನೆ."

ಅರ್ಥಧಾರಿಯ ಸೊಕ್ಕು ಎಂದರೆ ಇದೇ. ಎದುರಿಗೆ ಯಾರು ಬಂದರೂ ಒಂದೇ ಎಂದುಕೊಂಡು ಚಾಪೆಯನ್ನು ಊರಿಗೆಲ್ಲ ಬಿಟ್ಟುಕೊಟ್ಟರು. ಅವರ ಮಾತು ಮುಗಿಯುವುದಕ್ಕೂ ದೊಡ್ಡವ್ವ ಎದ್ದು ನಿಂತದ್ದಕ್ಕೂ ಸರಿಹೋಯಿತು.

"ನಮ್ಮ ಹುಡುಗಿ ಕೂರ್ತಾಳೆ."

ಸಭೆಯಲ್ಲಿ ಗುಜುಗುಜು ಎದ್ದಿತು. ಹೆಡ್‌ಮಾಸ್ಟ್ರು, "ಅಲ್ಲ ಅಕ್ಕ, ಅದರ ಆರೋಗ್ಯ..." ಎಂದು ರಾಗ ಎಳೆದರು. ಹೆಣ್ಣುಮಕ್ಕಳು ಕೂರುವ ಪದ್ಧತಿ ಇಲ್ಲ ಎಂದು ಹಿಂದಿನಿಂದ ಒಬ್ಬರು ಕೂಗಿದರು. ಮುದುಕ ಭಾಗವತರಿಗೆ ಹೊತ್ತಾಗುತ್ತಿತ್ತು. "ಯಾರಾದ್ರೂ ಬನ್ನಿ ಅಂತ ನೀವೇ ಹೇಳಿದ್ದಲ್ವ? ಕೂರ್ಲಿ ಬಿಡಿ" ಎಂದು ತಾಳ ತಟ್ಟಿದರು.

ಚಾಪೆಗೆ ಹೋಗುವಾಗ ನನಗೆ ಹೆದರಿಕೆ ಇತ್ತು. ಮಾತಿಗೆ ಹೆದರಿದ್ದಲ್ಲ. ಹಾಲಿನಲ್ಲಿ ಸೆಕೆ, ಜನ, ಮದ್ದಳೆಯ ಪೆಟ್ಟು. ಅಲ್ಲಿ ನಾನೇನಾದರೂ ಬಿದ್ದರೆ ಹೆಡ್‌ಮಾಸ್ಟ್ರು ಹೇಳಿದ್ದೇ ಸರಿ ಎಂದು ಊರು ತೀರ್ಮಾನ ಮಾಡುತ್ತಿತ್ತು, ನನ್ನನ್ನು ಯಾವ ನಾಲ್ಕು ಜನರ ನಡುವೆಯೂ ಮತ್ತೆ ಕೂರಿಸುತ್ತಿರಲಿಲ್ಲ. ಎಡಗೈಯನ್ನು ಲಂಗದ ಮಡಿಕೆಯೊಳಗೆ ಇಟ್ಟುಕೊಂಡು ಹೆಬ್ಬೆರಳನ್ನು ಒತ್ತಿ ಒತ್ತಿ ನೋಡುತ್ತಿದ್ದೆ.

ಪದ ಮುಗಿಯಿತು. ರಾಜ ಗಂಟಲು ಸರಿಮಾಡಿ ಅಭಯಹಸ್ತ ತೋರಿಸಿದರು. "ಎಲೈ ದೂತನೇ, ಬಹುದೂರದಿಂದ ಬಂದು ಬಳಲಿದ್ದೀಯೆ. ಮೊದಲು ನಮ್ಮ ಆತಿಥ್ಯವನ್ನು ಸ್ವೀಕರಿಸು."

"ರಾಜಾ, ಆತಿಥ್ಯಕ್ಕೆ ಮೊದಲು ಒಂದು ಸಂಶಯ" ಎಂದೆ. ನನ್ನ ಸ್ವರ ನನಗೇ ಗಟ್ಟಿಯಾಗಿ ಕೇಳಿತು. "ಬರುವ ದಾರಿಯಲ್ಲಿ ನಿನ್ನ ರಾಜ್ಯದ ಒಂದು ಮಗುವನ್ನು ಕಂಡೆ. ಅದು ನಿನ್ನ ಸಭೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಾಗ ನೀನು ನಿನ್ನ ಪಾದರಕ್ಷೆಯನ್ನು ಅದರ ಮೂಗಿಗೆ ಹಿಡಿದೆಯಂತೆ. ನಿಜವೋ?"

ಊರಿನವರಿಗೆ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾತ್ರದೊಳಗಿನ ಮಾತಿಗೆ ಪಾತ್ರದಲ್ಲೇ ಉತ್ತರ ಕೊಡಬೇಕು, ಸಿಟ್ಟು ಮಾಡಿ ಎದ್ದು ಹೋದರೆ ಸೋತ ಹಾಗೆ. ಹೆಡ್‌ಮಾಸ್ಟ್ರ ಕಿವಿ ಕೆಂಪಗಾಯಿತು. ಆದರೂ ಹಳೆಯ ಹುಲಿ, ಬೇಗ ಸುಧಾರಿಸಿಕೊಂಡರು.

"ನಿಜ. ಅದು ಅವಮಾನವಲ್ಲ ದೂತ, ಉಪಚಾರ. ಹಿರಿಯರು ಕಲಿಸಿದ ಕ್ರಮ. ವೈದ್ಯ ಬರುವ ತನಕ ರಾಜನಾದವನು ಕೈಕಟ್ಟಿ ಕೂತಿರಬೇಕಿತ್ತೋ?"

ಒಳ್ಳೆಯ ಉತ್ತರ. ಕೆಲವರು ಭೇಷ್ ಎಂದರು. ಅವರಿಗೆ ಗೊತ್ತಿರಲಿಲ್ಲ, ಆ ಉತ್ತರವನ್ನು ಜಗಲಿಯಲ್ಲಿ ನಾನು ಇನ್ನೂ ಚೆನ್ನಾಗಿ ಹೇಳಿದ್ದೆ.

"ಅದು ಉಪಚಾರ, ಕೈಕಟ್ಟಿ ಕೂರುವುದು ತಪ್ಪಾಗುತ್ತಿತ್ತು ಎಂದೆ. ಒಪ್ಪಿದೆ. ಉಪಚಾರ ಫಲಿಸಿತೋ?"

"ಫಲಿಸಿತು. ಮಗು ಕಣ್ಣು ತೆರೆಯಿತು."

"ಕಣ್ಣು ತೆರೆದ ಮಗುವನ್ನು ಮರುದಿನ ಬಾಗಿಲಲ್ಲಿ ತಡೆದೆಯಂತೆ. ಅದೂ ಉಪಚಾರವೋ?"

"ಇತರ ಮಕ್ಕಳು ಹೆದರಿದ್ದರು. ಸರ್ವರ ಹಿತ ನೋಡುವುದು ರಾಜಧರ್ಮ."

"ಇತರ ಮಕ್ಕಳು ಹೆದರಿದ್ದರಿಂದ ತಡೆದೆ ಎಂದೆ. ಅದನ್ನೂ ಒಪ್ಪಿದೆ. ಆದರೆ ರಾಜಾ, ಬಿದ್ದ ಮಗು ಹೆದರದೆ ಮರುದಿನವೇ ಬಂದಿತ್ತು. ಆ ಮಕ್ಕಳೂ ಮರುದಿನ ಬಂದಿದ್ದವು, ಒಂದೂ ಮನೆಯಲ್ಲಿ ಕೂತಿರಲಿಲ್ಲ. ಹಾಗಾದರೆ ಆ ಸಭೆಯಲ್ಲಿ ನಿಜವಾಗಿ ಹೆದರಿದ್ದು ಯಾರು?"

ಅದೇ ಆ ಪ್ರಶ್ನೆ. ಹೆಡ್‌ಮಾಸ್ಟ್ರು ಬಾಯಿ ತೆರೆದರು. ಶಾಲಿನ ತುದಿ ಹಿಡಿದರು, ಬಿಟ್ಟರು. ಹಣೆಯಲ್ಲಿ ಬೆವರು ಕಂಡಿತು. ನಾನು ಕಾದೆ, ಎದುರಿನವರು ಹೇಳಿ ಮುಗಿಸುವ ತನಕ ಕಾಯಬೇಕಲ್ಲ. ಎಷ್ಟು ಹಿತವಾದ ಕಾಯುವಿಕೆ ಅದು! ಅಷ್ಟು ವರ್ಷ ಊರನ್ನೇ ಮಾತಿನಲ್ಲಿ ಕುಣಿಸಿದ ಮನುಷ್ಯನ ನಾಲಿಗೆ ಒಣಗುವುದನ್ನು ನಾನು ಎದುರಿಗೇ ಕೂತು ಕಣ್ತುಂಬ ನೋಡಿದೆ. ಕೊನೆಗೆ ಭಾಗವತರೇ ಕನಿಕರಪಟ್ಟು ಮುಂದಿನ ಪದ ಎತ್ತಿಕೊಂಡರು. ನನ್ನ ಹೆಬ್ಬೆರಳು ತಣ್ಣಗೆ ಕೂತಿತ್ತು.

ಆ ವರ್ಷ ಮತ್ತೆ ಎಲ್ಲಿಯೂ ಹೆಡ್‌ಮಾಸ್ಟ್ರು ಅರ್ಥ ಹೇಳಲು ಕೂರಲಿಲ್ಲ. ಕಲ್ಲುಗುಂಡಿಯಲ್ಲಿ ಕರೆದರೂ ಗಂಟಲು ಸರಿಯಿಲ್ಲ ಎಂದರಂತೆ. ಅಂಗಡಿಯ ಕಟ್ಟೆಯಲ್ಲಿ ಗಂಡಸರು ಯಾವುದೋ ವಿಷಯಕ್ಕೆ ವಾದ ಮಾಡುತ್ತ, "ನಿಜವಾಗಿ ಹೆದರಿದ್ದು ಯಾರು?" ಎಂದು ಒಬ್ಬರನ್ನೊಬ್ಬರು ಕೆಣಕುತ್ತಿದ್ದರು. ನನಗೆ ಅದು ದಿನಾ ತಿನ್ನುವ ಪಾಯಸ. ಅವ್ವ, "ಸಾಕು ಮಗಾ, ದೊಡ್ಡವರು ಅವರು" ಎನ್ನುತ್ತಿದ್ದಳು. ಸಾಕಾಗಿರಲಿಲ್ಲ.

ಕೆಲವು ವಾರ ಕಳೆದು ಒಂದು ಶನಿವಾರ ಅವರೇ ನಮ್ಮ ಮನೆಗೆ ಬಂದರು. ನಾವು ಮುಡಿ ಕಟ್ಟುತ್ತಿದ್ದೆವು. ಜಗಲಿಯ ಅಂಚಿನಲ್ಲಿ ಕೂತು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಮುಖ ಇಳಿದುಹೋಗಿತ್ತು.

"ಅಕ್ಕ, ಹುಡುಗಿಯನ್ನು ಸೋಮವಾರದಿಂದ ಕಳಿಸಿ. ಈ ಹುಡುಗನಿಗೂ ಒಂದು ವ್ಯವಸ್ಥೆ ಮಾಡುವ."

"ನನ್ನ ಹತ್ತಿರ ಎಂತ ಕೇಳುದು ಮಾಸ್ಟ್ರೇ?" ಎಂದಳು ದೊಡ್ಡವ್ವ. "ಅವಳನ್ನು ಕೇಳಿ."

ನಾನು ಕೈಯ ಹುಲ್ಲು ಕೊಡವಿ ಚಾಪೆ ಎರಡನ್ನೂ ತಂದು ಎದುರೆದುರು ಹಾಸಿದೆ. "ಇಲ್ಲಿ ಒಂದು ಕ್ರಮ ಉಂಟು ಸರ್. ಒಂದು ಪಕ್ಷ ಹೇಳಿದವರು ಮತ್ತೆ ಇನ್ನೊಂದು ಪಕ್ಷ ಹೇಳ್ಬೇಕು. ಅವತ್ತು ನೀವು ರಾಜ. ಇವತ್ತು ಬಿದ್ದ ಹುಡುಗಿಯ ಅರ್ಥ ಹೇಳಿ."

ಅವ್ವ ಒಳಗಿನಿಂದ ಅಯ್ಯೋ ಎಂದಳು. ಅವರು ಎದ್ದು ಹೋಗಬಹುದಿತ್ತು, ಹೋಗುತ್ತಾರೆ ಎಂದೇ ನಾನೂ ನಿರೀಕ್ಷಿಸಿದ್ದೆ. ಹೋಗಲಿಲ್ಲ. ಬಂದು ಚಾಪೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕಣ್ಣು ಮುಚ್ಚಿದರು. "ನಾನು ಐದನೇ ಕ್ಲಾಸಿನ ಹುಡುಗಿ" ಎಂದು ಶುರುಮಾಡಿದಾಗ ಆ ರಾಜಗಾಂಭೀರ್ಯದ ಸ್ವರ ಕೇಳಿ ಪೋಲಿಯೋ ಹುಡುಗ ಫಕ್ಕನೆ ನಕ್ಕ. ದೊಡ್ಡವ್ವ ಕಣ್ಣು ಕೆಕ್ಕರಿಸಿದಳು, ಅವನು ಬಾಯಿಗೆ ಕೈ ಅಡ್ಡ ಹಿಡಿದ. ಎರಡನೇ ಮಾತಿಗೆ ಹೆಡ್‌ಮಾಸ್ಟ್ರ ಸ್ವರವೂ ಇಳಿಯಿತು.

"ನನಗೆ ಹಸಿವಾಗಿದೆ. ಉಪ್ಪಿಟ್ಟಿನ ಪರಿಮಳ ಬರ್ತಾ ಉಂಟು. ನನ್ನ ಮುಂದೆ ಇನ್ನೂ ತುಂಬ ಜನ ಇದ್ದಾರೆ. ಇದ್ದಕ್ಕಿದ್ದ ಹಾಗೆ ಕಣ್ಣು ಕತ್ತಲೆ ಬಂತು. ಬಿದ್ದೆ. ಯಾರೋ ಓಡಿ ಬಂದರು. ಆಮೇಲೆ ನನಗೆ ಎಚ್ಚರ ಆಯ್ತು. ಆಗ ನಾನು..."

ಅಲ್ಲಿಗೆ ನಿಂತರು. ಅವರನ್ನು ಉಳಿಸಲು ಇಲ್ಲಿ ಭಾಗವತರು ಇರಲಿಲ್ಲ. "ಮುಂದೆ?" ಎಂದು ಕೇಳಿದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಕಣ್ಣು ತುಂಬಿತ್ತು.

"ನನಗೆ ಗೊತ್ತಿಲ್ಲ ಮಗಾ. ಎಚ್ಚರ ಆಗುವಾಗ ನಿನಗೆ ಎಂತ ಅನ್ನಿಸಿತು? ನೀನೇ ಹೇಳು."

ನನಗೆ ಚೆನ್ನಾಗಿ ಗೊತ್ತಿತ್ತು. ಚರ್ಮದ ವಾಸನೆ ಮೂಗಿಗೆ ಬಡಿಯುವ ಮೊದಲು, ನಗು ಕಿವಿಗೆ ಬೀಳುವ ಮೊದಲು, ನನ್ನ ತಲೆಯ ಅಡಿಯಲ್ಲಿ ಒಂದು ಅಂಗೈ ಇತ್ತು. ತಲೆ ಸಿಮೆಂಟಿನ ನೆಲಕ್ಕೆ ಬಡಿಯದ ಹಾಗೆ ಆ ಅಂಗೈ ತಾನು ಪೆಟ್ಟು ತಿನ್ನುತ್ತ ಅಲ್ಲೇ ಇತ್ತು. ಅಪ್ಪ ಬಂದಿದ್ದಾನೆ ಎಂದುಕೊಂಡಿದ್ದೆ, ಅಷ್ಟು ಮೆತ್ತಗೆ ಹಿಡಿದಿತ್ತು. ಅದು ಹೆಡ್‌ಮಾಸ್ಟ್ರ ಎಡಗೈ. ನಾನು ಎದ್ದು ಕೂರುವ ತನಕ ಅವರು ಅದನ್ನು ತೆಗೆಯಲಿಲ್ಲ. ಸುತ್ತ ನಿಂತವರ ಕಣ್ಣೆಲ್ಲ ಚಪ್ಪಲಿಯ ಮೇಲಿತ್ತು, ಇದನ್ನು ಬೇರೆ ಯಾರೂ ಗಮನಿಸಿರಲಿಲ್ಲ, ಆ ಗಾಬರಿಯಲ್ಲಿ ಅವರಿಗೇ ನೆನಪಿದ್ದ ಹಾಗಿರಲಿಲ್ಲ. ಇಷ್ಟನ್ನು ಹೇಳಿದ್ದರೆ ಆ ಮನುಷ್ಯ ಅರ್ಧ ಭಾರ ನಮ್ಮ ಜಗಲಿಯಲ್ಲೇ ಇಳಿಸಿ ಮನೆಗೆ ಹೋಗುತ್ತಿದ್ದರು.

"ನೆನಪಿಲ್ಲ ಸರ್" ಎಂದೆ.

ಸೋಮವಾರ ಹುಡುಗ ಅಣ್ಣನ ಹೆಗಲೇರಿ ಶಾಲೆಗೆ ಹೋದ. ನಾನು ಹೋಗಲಿಲ್ಲ, ದೊಡ್ಡವ್ವನ ಹತ್ತಿರವೇ ಓದಿ ಮುಂದೆ ಖಾಸಗಿಯಾಗಿ ಪರೀಕ್ಷೆ ಕಟ್ಟಿದೆ. ಹೆಡ್‌ಮಾಸ್ಟ್ರು ನಿವೃತ್ತರಾಗಿ, ಎಂಬತ್ತರ ದಶಕದಲ್ಲಿ ಕಾಯಿಲೆ ಬಿದ್ದು ಮಲಗಿದ ಮೇಲೂ ನೋಡಲು ಹೋದವರ ಹತ್ತಿರ, ಆ ಹುಡುಗಿಗೆ ಏನಾದರೂ ನೆನಪಾಯಿತಾ ಎಂದು ಕೇಳುತ್ತಿದ್ದರಂತೆ. ಹೋಗಿ ಒಂದು ಮಾತು ಹೇಳಿ ಬಾ ಎಂದು ಅವ್ವ ಎರಡು ಸಲ ಅತ್ತಳು. ನಾನು ಹೋಗಲಿಲ್ಲ. ಅವರು ಕೇಳುತ್ತಲೇ ಹೋದರು.